ಠಣ್ ಎನ್ನದ ಪಾಟಾ

ಗಜೇಂದ್ರಗಡ
೧೪ ಸೆಪ್ಟೆಂಬರ್ ೨೦೦೩

ಅಬ್ಬಾ,

ಸಲಾಂ. ನೀವು ವಾಪಸ್ ಹೇಳುತ್ತೀರೋ ಇಲ್ಲವೋ, ನನ್ನ ಕಡೆಯದು ಇರಲಿ.

ಇದನ್ನು ಅಂಜುಮ ಓದಿ ಹೇಳುತ್ತಾಳೆ ಎಂದು ಗೊತ್ತು. ಪಕ್ಕದ ರೇಣುಕವ್ವನ ಮನೆಯ ಫೋನಿಗೆ ಎರಡು ಸಲ ಮಾಡಿದ್ದೆ. ಎರಡೂ ಸಲ ನೀವು "ಯಾರು? ಯಾರು?" ಎಂದು ಇಟ್ಟುಬಿಟ್ಟಿರಿ. ಮಗನ ದನಿ ಗೊತ್ತಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಅದಕ್ಕೇ ಕಾಗದ. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ತಪ್ಪಿದ್ದರೆ ಅಂಜುಮ ತಿದ್ದಿಕೊಳ್ಳಲಿ.

ನಾನು ಅಲ್ತಾಫ ಉಸ್ತಾದರ ಗ್ಯಾರೇಜಿನಲ್ಲೇ ಇದ್ದೇನೆ. ಇಲ್ಲಿಗೆ ಒಂದು ಫಿಯೆಟ್ ಬಂದಿದೆ, ಅರವತ್ತನಾಲ್ಕರದು, ಹಾಲಿನ ಬಣ್ಣ. ನರಗುಂದದ ಅರಿವೆ ವ್ಯಾಪಾರಿ ಗುರುಸಂಗಪ್ಪನವರದು. ಅವರ ಮಗ ಬಸವಪ್ರಸಾದನ ಮದುವೆ ಡಿಸೆಂಬರಿನಲ್ಲಿ. ಹೆಣ್ಣನ್ನು ಇದರಲ್ಲೇ ಕರೆತರಬೇಕೆಂದು ಅವನ ಹಟ. ಅಗಲ ಗಾಲಿ ಬೇಕಂತೆ, ಮೂಗು ನೆಲಕ್ಕೆ ತಗ್ಗಿರಬೇಕಂತೆ. ಉಸ್ತಾದರು ಹಳೇ ವ್ಯಾನಿನ ಡೀಸೆಲ್ ಎಂಜಿನ್ ಕೂಡಿಸಿದರು. ಅದರ ಭಾರಕ್ಕೆ ಮುಂದಿನ ಸುರುಳಿ ಸ್ಪ್ರಿಂಗುಗಳು ಕುಸಿದು, ಗಾಡಿ ಮುಗ್ಗರಿಸಿದ ಎತ್ತಿನ ಹಾಗೆ ಕೂತಿತು. ಈಗ ವ್ಯಾನಿನ ಸ್ಪ್ರಿಂಗನ್ನೇ ಗ್ಯಾಸ್ ಕಟರಿನಲ್ಲಿ ಒಂದೂವರೆ ಸುತ್ತು ಕೊಯ್ದು ಹಾಕಿದ್ದಾರೆ. ಮೂಗು ತಗ್ಗಿದೆ, ಆದರೆ ಕಲ್ಲು. ಹಿಂದೆ ಮಾತ್ರ ಎಲೆ ಮೇಲೆ ಎಲೆ ಜೋಡಿಸಿದ ಅದೇ ಹಳೇ ಪಾಟಾ ಸ್ಪ್ರಿಂಗುಗಳು. ಮುಂದೆ ಬಂಡೆ, ಹಿಂದೆ ತೊಟ್ಟಿಲು.

"ಹ್ಯಾಂಗ ಐತೋ ಇಮ್ರಾನ?" ಎಂದು ಬಸವಪ್ರಸಾದ ಕೇಳಿದ. "ಕುಂತವ್ರು ಕಾರಿಕೊಳ್ತಾರ" ಎಂದೆ. ಉಸ್ತಾದರು ನಟ್ಟು ಬಿಚ್ಚುತ್ತಿದ್ದ ಪಾನಾ ಬೀಸಿ ಒಗೆದರು. ತಾಗಲಿಲ್ಲ. "ಅಷ್ಟ ಶಾಣ್ಯಾ ಇದ್ರ ನೀನ ಸರಿ ಮಾಡು" ಎಂದರು.

ಇದಕ್ಕೆ ಹೊಂದುವ ಪಾಟಾ ಅಂಗಡಿಯಲ್ಲಿ ಸಿಗುವುದಿಲ್ಲ. ಕಾಸಿ ಬಡಿದು ಮಾಡಬೇಕು. ಮಾಡುವವರು ನೀವು.

ಶಿವನಪ್ಪನ ಬಾಡಿಗೆ ಗಾಡಿ, ಆ ಟ್ರ್ಯಾಕ್ಸಿನ ಮಾತು ಎತ್ತಬಾರದು ಎಂದುಕೊಂಡಿದ್ದೆ. ಎತ್ತದಿದ್ದರೆ ಈ ಕಾಗದವೇ ಸುಳ್ಳಾಗುತ್ತದೆ. ಇಟಗಿಗೆ ಹೋಗುವ ದಾರಿಯಲ್ಲಿ ಅದರ ಪಾಟಾ ಮುರಿದು ಒಬ್ಬ ಮುದುಕಿಯ ಕೈ ಹೋಯಿತು. ಅವನು ತುಂಡು ಹಿಡಿದು ಬಂದಾಗ ನೀವು "ಮಂದೀನ ಭಾಳ ತುಂಬೀರಿ" ಎಂದಿರಿ. ಮುರಿದ ಬಾಯಿಯಲ್ಲಿ ಕರಿ ಗೆರೆ ಇತ್ತು. "ಇದು ನಮ್ಮ ಭಟ್ಟ್ಯಾಗ ಸೀಳಿದ್ದು, ಎಣ್ಣಿ ಒಳಗ ಇಳದೈತಿ" ಎಂದು ನಾನು ಹೇಳಿದೆ. ಸಂತೆಯ ದಿನ, ಎಲ್ಲರೆದುರು. ನೀವು ಹೊಡೆದಿರಿ. ಹೊಸ್ತಿಲು ತುಳಿಯಬೇಡ ಎಂದಿರಿ. ಎರಡು ವರ್ಷ ತುಳಿದಿಲ್ಲ. ಆ ಗೆರೆ ಇದ್ದದ್ದು ಖರೇ. ನಿಮ್ಮಂಥ ಪಾಟಾ ಇನ್ನೊಬ್ಬರು ಮಾಡಿದ್ದನ್ನು ನಾನು ಕಂಡಿಲ್ಲ, ಅದೂ ಖರೇ.

ಗಾಡಿ ಸರಿಯಾದರೆ ನಾನೇ ಓಡಿಸಿಕೊಂಡು ಬಂದು ಭಟ್ಟಿಯ ಮುಂದೆ ನಿಲ್ಲಿಸುತ್ತೇನೆ. ಒಳಗೆ ಬಾ ಎನ್ನುವುದು ಬಿಡುವುದು ನಿಮ್ಮದು.

ನಿಮ್ಮ ಮಗ
ಇಮ್ರಾನ


ರೋಣ
೨೧ ಸೆಪ್ಟೆಂಬರ್ ೨೦೦೩

ಇಮ್ರಾನ ಭಾಯಿ,

ನಿನ್ನ ಕಾಗದವನ್ನು ಇಡೀ ಓಣಿಗೆ ಓದಿ ಹೇಳಿದೆ. ಬೇಕೆಂದಲ್ಲ. ಮೆಲ್ಲಗೆ ಓದಿದರೆ ಅಬ್ಬಾ "ಬಾಯಾಗ ಏನ ಇಟಗೊಂಡೀಯ?" ಎನ್ನುತ್ತಾರೆ. ಒದರಿದೆ. ಟ್ರ್ಯಾಕ್ಸಿನ ಮಾತು ಬಂದಾಗ ಎದುರು ಮನೆಯ ಮುದುಕವ್ವ ನೀರು ತುಂಬುವುದನ್ನು ಬಿಟ್ಟು ಬಾಗಿಲಿಗೆ ಬಂದಳು. ಅಮ್ಮಾ ನನ್ನ ತೊಡೆ ಚಿವುಟಿದಳು. ನಾನು ನಿಲ್ಲಿಸಲಿಲ್ಲ. ನಾನೂ ನಿನ್ನ ತಂಗಿಯೇ.

ಅಬ್ಬಾ ಮೊದಲು ಹೇಳಿದ್ದು: "ಭಟ್ಟಿ ಹೊತ್ತಸೂದು ಬಿಟ್ಟೇನಿ ಅಂತ ಬರಿ." ಅದು ಖರೇ. ಟ್ರ್ಯಾಕ್ಸಿನ ನಂತರ ಯಾರೂ ಬರಲಿಲ್ಲ. ಈಗ ಕುಡಗೋಲು, ಕಳೆ ತೆಗೆಯುವ ಕುರ್ಚಿಗಿ ಬಡಿದು ಹರಿತ ಮಾಡುತ್ತಾರೆ, ಅದೂ ಸುಗ್ಗಿಯಲ್ಲಿ.

ರಾತ್ರಿ ಊಟ ಮಾಡುತ್ತ ಮಾಡುತ್ತ ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದರು: "ಮುಂದಿನ ಸ್ಪ್ರಿಂಗ ಎಷ್ಟ ಇಳೀತಾವಂತ?" ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಮೊದಲ ಹಿಂದಿಂದು ಕೇಳಬ್ಯಾಡ, ಮುಂದಿಂದು ಆರಸು. ಕಡ್ಲಿ ಚೀಲಾ ಒಂದು ಮುಂದ ಹೇರು, ಎಷ್ಟ ಬಟ್ಟ ಇಳೀತು ನೋಡು. ಅದ ಚೀಲಾ ಹಿಂದ ಹೇರು. ಹಿಂದ ಹೇರೂಕಿಂತ ಮೊದಲ ಮೂರ ಮಂದೀನ ಹಿಂದ ಕುಂದರಸು, ಮದಿವಿ ಗಾಡಿ ಅದು, ಖಾಲಿ ಹೋಗೂದಿಲ್ಲ. ತೆಗ್ಗಿನ್ಯಾಗ ಮೊದಲ ಮುಂದಿನ ಗಾಲಿ ಬೀಳತೈತಿ, ಆಮ್ಯಾಲ ಹಿಂದಿಂದು. ತಡಾ ಮಾಡಿ ಹೊಂಟಿದ್ದು ಓಡಿ ಹೋಗಿ ಮುಂದಿಂದನ್ನ ಕೂಡಬೇಕು. ಕೂಡಿದ್ರ ಗಾಡಿ ಮಟ್ಟ ಹೋಗತೈತಿ. ಕೂಡಲಿಲ್ಲ ಅಂದ್ರ ಒಂದು ಏಳತೈತಿ, ಒಂದು ಬೀಳತೈತಿ, ಊರ ಮುಟ್ಟೂತನಕ ಅದ ಜಗಳಾ."

ಇಷ್ಟು ಮಾತು ಅವರು ಈ ವರ್ಷದಲ್ಲೇ ಆಡಿರಲಿಲ್ಲ.

ನಿನ್ನ
ಅಂಜುಮ

(ನಾನೀಗ ಹತ್ತನೇ ಇಯತ್ತೆ. ನೀನು ಬಿಟ್ಟ ಸಾಲಿಯನ್ನು ನಾನು ದಾಟುತ್ತೇನೆ. ಅಬ್ಬಾ ಮಾಡುತ್ತೇನೆ ಎಂದಿಲ್ಲ, ಮಾಡುವುದಿಲ್ಲ ಎಂದೂ ಎರಡನೇ ಸಲ ಹೇಳಿಲ್ಲ.)


ಗಜೇಂದ್ರಗಡ
೨ ಅಕ್ಟೋಬರ್ ೨೦೦೩

ಅಬ್ಬಾ,

ನೀವು ಹೇಳಿದ ಹಾಗೆ ಮಾಡಿದೆ. ಲಕ್ಕಲಕಟ್ಟಿಯ ಒಬ್ಬರ ಕಡಲೆ ಚೀಲ ಸಂಜೆಯತನಕ ಎರವು ತಂದೆ. ಚಹಾದ ಅಂಗಡಿಯಿಂದ ಮೂವರನ್ನು ಕರೆದು ಹಿಂದೆ ಕೂಡಿಸಿದೆ. "ಎಲ್ಲಿಗೆ ಹೊಂಟೇವಿ?" ಎಂದರು. "ಎಲ್ಲಿಗೂ ಇಲ್ಲ" ಎಂದೆ. ಅವರಿಗೆ ಸಿಟ್ಟು ಬಂತು, ಆದರೂ ಇಳಿಯಲಿಲ್ಲ, ಕಾರಿನಲ್ಲಿ ಕೂತದ್ದೇ ಮೊದಲಂತೆ.

ಹುಬ್ಬಳ್ಳಿಯ ಗುಜರಿಯಿಂದ ಇನ್ನೆರಡು ಜೋಡಿ ಸ್ಪ್ರಿಂಗು ತಂದಿದ್ದೇವೆ, ಒಟ್ಟು ಮೂರಾದವು. ಉಸ್ತಾದರು ಕೊಯ್ದ ಜೋಡಿ ಚೀಲಕ್ಕೆ ಜಪ್ಪೆನ್ನಲಿಲ್ಲ. ಅದರಲ್ಲೂ ಕಟರಿನ ಕಾವು ತಾಗಿ ಎಡದ ತುದಿ ಮೆತ್ತಗಾಗಿದೆ. ಗಾಡಿ ಎಡಕ್ಕೆ ವಾಲುತ್ತದೆ. ಎರಡನೆಯದು ತೆಳು ತಂತಿಯದು, ಉದ್ದನೆಯದು. ಎಂಜಿನ್ ಭಾರಕ್ಕೆ ಇಳಿದು ಸರಿಯಾದ ಎತ್ತರಕ್ಕೆ ನಿಲ್ಲುತ್ತದೆ, ಆಮೇಲೂ ಮೆತ್ತಗೇ ಇರುತ್ತದೆ. ಆದರೆ ಮೂಗು ಎರಡು ಬಟ್ಟು ಎತ್ತರ. ಬಸವಪ್ರಸಾದ ಮುಖ ಸಿಂಡರಿಸಿದ. "ಇದು ನಮ್ಮಜ್ಜನ ಗಾಡಿ ಕಂಡಂಗ ಕಾಣತೈತಲೇ" ಎಂದ. "ನಿಮ್ಮಜ್ಜನ ಗಾಡೀನ ಅಲ್ಲೇನ್ರಿ" ಎಂದೆ.

ಮೂರನೆಯದು ನಡುವಿನದು. ಬಹಳ ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ, ಮೂಗೂ ತಗ್ಗು. ಕೋಟೆಯ ಕೆಳಗಿನ ಗರಸಿನ ದಾರಿಯಲ್ಲಿ ಓಡಿಸಿದೆ. ಸಣ್ಣ ಸಣ್ಣ ಕಲ್ಲಿನ ಮೇಲೆ ಚಲೋ ಹೋಯಿತು. ಇದನ್ನೇ ಆರಿಸಿದ್ದೇನೆ. ಇದಕ್ಕೆ ತಕ್ಕ ಹಿಂದಿನ ಪಾಟಾ ಎಷ್ಟು ಎಲೆಯದು, ಬಿಲ್ಲು ಎಷ್ಟು ಬಾಗಿರಬೇಕು, ಹೇಳಿರಿ. ಅಳತೆಯನ್ನು ದಾರ ಕಟ್ಟಿ ತೆಗೆದು, ಆ ದಾರವನ್ನೇ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ.

ಅಮ್ಮಾಗೆ ಸಲಾಂ. ಅಂಜುಮ, ಇಷ್ಟು ಒದರಿ ಓದಬೇಡ.

ಇಮ್ರಾನ


ರೋಣ
೧೯ ಅಕ್ಟೋಬರ್ ೨೦೦೩

ಇಮ್ರಾನ ಭಾಯಿ,

ಒದರದೆ ಓದಿ ನೋಡಿದೆ. ಅಬ್ಬಾ ನನ್ನ ತುಟಿ ನೋಡುತ್ತ ಕೂತರು, ಆಮೇಲೆ ಕಾಗದ ಕಸಿದುಕೊಂಡು ತಾವೇ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಬೈದರು, ಅದನ್ನೂ ಬರೆಯುತ್ತೇನೆ:

"ಗಜೇಂದ್ರಗಡದ ದಾರಿ ನೋಡಿ ಸ್ಪ್ರಿಂಗ ಆರಿಸೀಯೇನಲೇ ಹುಚ್ಚಾ? ಗಾಡಿ ನರಗುಂದದ್ದು! ನಿಮ್ಮದು ಗುಡ್ಡದ ಮಣ್ಣು, ಇದ್ದಲ್ಲೇ ಇರತೈತಿ. ಇದು ಎರಿ, ಕರಿ ಮಣ್ಣು. ಬ್ಯಾಸಿಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ, ಮ್ಯಾಲಿನ ಡಾಂಬರ ಪಾಪ ಏನ ಮಾಡೀತು, ಅದೂ ತೆರಿ ತೆರಿ ಆಗತೈತಿ. ಉದ್ದುದ್ದ ತೆರಿ. ಅದಕ್ಕ ಉದ್ದನ ಸ್ಪ್ರಿಂಗ ಬೇಕು, ಮೆತ್ತಂದು. ಆ ಹುಡಗಗ ಮೂಗ ಬೇಕೋ ಹೇಣ್ತಿ ಬೇಕೋ ಕೇಳು."

ಅಮ್ಮಾ ನಕ್ಕಳು. ಎರಡು ವರ್ಷದಿಂದ ಕೇಳದ ನಗು.

ಮೊನ್ನೆ ಭಟ್ಟಿ ಹೊತ್ತಿಸಿದರು. ನಾನೇ ಗಾಳಿ ಹಾಕಿದೆ. ನಿನ್ನ ದಾರವನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಿಕೊಂಡಿದ್ದರು. ಎಲೆ ಎಲೆಯನ್ನೂ ಕೆಂಪಗೆ ಕಾಸಿ, ಬಗ್ಗಿಸಿ, ಸುಟ್ಟೆಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಬೆಂಕಿಯಲ್ಲಿ ಹದ ಮಾಡಿದರು. ಆಮೇಲೆ ನಿನಗೆ ಗೊತ್ತಲ್ಲ, ಒಂದೊಂದನ್ನೇ ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಠಣ್ ಎಂದರೆ ಚಲೋ, ಠಪ್ ಎಂದರೆ ಒಳಗೆ ಕೂದಲಿನಂಥ ಸೀಳು. ಎಲ್ಲವನ್ನೂ ತಟ್ಟಿದರು. ಒಂದನ್ನು ತಟ್ಟಿ ನನ್ನ ಮುಖ ನೋಡಿದರು. ನಾನು ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ, ತಲೆ ಎತ್ತಿದಾಗ ಅವರು ಅದನ್ನು ಇಳಿಸಿಯಾಗಿತ್ತು.

ನಾಳೆ ಬಸ್ಸಿನ ಟಪ್ಪಿನ ಮೇಲೆ ಹಾಕಿ ಕಳಿಸುತ್ತಾರೆ. ಗೋಣಿತಟ್ಟಿನಲ್ಲಿ ಸುತ್ತಿದ್ದಾರೆ, ಮಗಳನ್ನು ಮೊದಲ ಸಲ ಗಂಡನ ಮನೆಗೆ ಕಳಿಸುವ ಹಾಗೆ. ಗಾಡಿ ಯಾವತ್ತು ಬರುತ್ತದೆ ಎಂದು ಅಬ್ಬಾ ಕೇಳಲಿಲ್ಲ. ಭಟ್ಟಿಯ ಮುಂದಿನ ಕಲ್ಲುಗಳನ್ನು ಮಾತ್ರ ಸರಿಸಿ ಜಾಗ ಮಾಡಿದ್ದಾರೆ.

ಅಂಜುಮ


ಗಜೇಂದ್ರಗಡ
೩೦ ಅಕ್ಟೋಬರ್ ೨೦೦೩

ಅಂಜುಮ,

ಇದು ನಿನಗೆ. ಒದರಿ ಓದುವಂಥದ್ದಲ್ಲ.

ಅಬ್ಬಾ ಹೇಳಿದ್ದು ಸರಿ ಇತ್ತು. ಉದ್ದನೆಯ ಸ್ಪ್ರಿಂಗು ಹಾಕಿ ನರಗುಂದದ ದಾರಿಗೆ ಒಯ್ದೆ. ಮುಂದೆ ಗಾಡಿ ತೆರೆಯ ಮೇಲೆ ಮೆಲ್ಲಗೆ ಏರಿ ಇಳಿಯಿತು. ಹಿಂದಿನ ಹಳೇ ಪಾಟಾ ಮಾತ್ರ ಹಿಂದುಳಿಯುತ್ತಿತ್ತು. ಹೊಸದು ಹಾಕಿದರೆ ಮುಗಿಯಿತು ಎಂದುಕೊಂಡು ಖುಷಿಯಲ್ಲಿ ಬಂದು ಗೋಣಿತಟ್ಟು ಬಿಚ್ಚಿದೆ.

ಎಂಥ ಬಿಲ್ಲು, ಅಂಜುಮ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ನಡುವೆ ಬೆಳಕು ಕಾಣಲಿಲ್ಲ. ಜೋಡಿ ಎಂದರೆ ಜೋಡಿ.

ರೂಢಿ. ಎಲೆ ಬಿಡಿಸಿ ತೂಗುಹಾಕಿ ತಟ್ಟಿದೆ. ಬಲದ್ದು ಎಲ್ಲಾ ಠಣ್. ಎಡದ್ದರ ಎರಡನೇ ಎಲೆ ಠಪ್. ಹಗ್ಗ ಬದಲಿಸಿ ತಟ್ಟಿದೆ, ಠಪ್. ರಸ್ತೆಯ ಗದ್ದಲ ಇರಬಹುದು ಎಂದು ಒಳಗೊಯ್ದು ತಟ್ಟಿದೆ. ಠಪ್.

ಆಗ ಫೋನು ನೆನಪಾಯಿತು. "ಯಾರು? ಯಾರು?" ಆಮೇಲೆ ನೀನು ಒದರಿದ್ದು. ಆಮೇಲೆ ಅವರು ಎಲೆ ತಟ್ಟಿ ನಿನ್ನ ಮುಖ ನೋಡಿದ್ದು. ಅಬ್ಬಾಗೆ ಕೇಳುವುದಿಲ್ಲ, ಅಂಜುಮ. ಒದರಿದ ಮಾತು ಕೇಳುತ್ತದೆ, ಕಬ್ಬಿಣದ ಸಣ್ಣ ದನಿ ಕೇಳುವುದಿಲ್ಲ. ಟ್ರ್ಯಾಕ್ಸಿನ ಪಾಟಾವನ್ನೂ ಹೀಗೇ ತಟ್ಟಿರಬೇಕು. ತಟ್ಟಿ, ಏನೂ ಕೇಳದೆ, ಚಲೋ ಎಂದಿರಬೇಕು. ಆವತ್ತು ಸೀಳು ಇದೆ ಎಂದು ನಾನು ಹೇಳಿದಾಗ ಅವರು ನನ್ನನ್ನು ಹೊಡೆದದ್ದು ಸೀಳಿಗಾಗಿ ಅಲ್ಲ ಎಂದು ಈಗ ಅನಿಸುತ್ತದೆ.

ಉಸ್ತಾದರು, "ನಡುವಿನ ಎಲಿ, ಯಾರಿಗೆ ಕಾಣತೈತಿ? ಬಣ್ಣಾ ಬಳದು ಹಾಕು" ಎಂದರು. ಅಷ್ಟರಲ್ಲಿ ಬಸವಪ್ರಸಾದ ಬಂದ. "ಏನಾತು?" ಎಂದ. ಹೇಳಿದೆ. "ಯಾರು ಮಾಡಿದ್ದು?" ಎಂದ. ಅವನ ಜೊತೆ ರೋಣದ ಇಬ್ಬರಿದ್ದರು. "ನಮ್ಮ ಅಬ್ಬಾ" ಎಂದೆ. ಬೇರೆ ಏನು ಹೇಳಲಿ? ಅದರ ಮೇಲೆ ಒಬ್ಬ ಹೆಣ್ಣುಮಗಳು ಕೂಡಬೇಕು.

ಒಂದೇ ಎಲೆ ಮತ್ತೆ ಆಗಬೇಕು. ನಾನು ಬರುತ್ತೇನೆ. ಅವರು ಬಡಿಯಲಿ, ನಾನು ಕೇಳುತ್ತೇನೆ. ಒಳಗೆ ಬೇಡ, ಹೊಸ್ತಿಲ ಆಚೆಯೇ ನಿಂತು ಕೇಳುತ್ತೇನೆ. ಈ ಕಾಗದವನ್ನು ಅವರ ಕೈಗೇ ಕೊಡು. ಅವರಿಂದ ಮುಚ್ಚಿಡಲು ನನಗೆ ಬರುವುದಿಲ್ಲ.

ಇಮ್ರಾನ


ರೋಣ
೧೦ ನವೆಂಬರ್ ೨೦೦೩

ಭಾಯಿ,

ನಿನ್ನ ಕಾಗದಕ್ಕಿಂತ ಮೊದಲು ಸುದ್ದಿ ಬಂತು. ಅಬ್ಬಾ ನಮಾಜಿಗೆ ಹೋದಾಗ ಮಸೀದಿಯ ಮುಂದೆ ಯಾರೋ, "ಬಾಬುಸಾಬರ, ನಿಮ್ಮ ಮಗಾ ಮತ್ತ ಸೀಳ ಹುಡಿಕ್ಯಾನಂತ" ಎಂದರಂತೆ. ಅಬ್ಬಾಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಎಂದರಂತೆ. ಆ ಮನುಷ್ಯ ಇನ್ನೊಂದು ಸಲ ಹೇಳಿದ, ಗಟ್ಟಿಯಾಗಿ.

ನಿನ್ನ ಕಾಗದ ಕೊಟ್ಟೆ. ಅಂಗಳದಲ್ಲಿ ಕೂತು ಓದಿದರು. "ಅಬ್ಬಾಗೆ ಕೇಳುವುದಿಲ್ಲ" ಎಂದು ನೀನು ಬರೆದಲ್ಲಿ ಬಟ್ಟು ಇಟ್ಟು, ಆ ಸಾಲನ್ನು ಇನ್ನೊಂದು ಸಲ ಕೂಡಿಸಿ ಓದಿದರು. ಎರಡು ವರ್ಷ ಈ ಮನೆಯಲ್ಲಿ ಯಾರೂ ಆಡದ ಮಾತು ಅದು, ಭಾಯಿ. ಅಮ್ಮಾಗೆ ಗೊತ್ತಿತ್ತು. ನನಗೂ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಅದಕ್ಕೇ ಒದರುತ್ತಿದ್ದೆ, ಒದರುವುದನ್ನೇ ತಮಾಷೆ ಮಾಡುತ್ತಿದ್ದೆ.

ಅಮ್ಮಾ ಹಟ ಹಿಡಿದು ದವಾಖಾನಿಗೆ ಕರೆದೊಯ್ದಳು. ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಸುತ್ತಿಗೆಯ ಸಪ್ಪಳವೇ ತಿಂದಿದೆಯಂತೆ.

ನೀನು ಬರುವ ಮಾತಿಗೆ ಅಬ್ಬಾ ಹೇಳಿದ್ದು ಇಷ್ಟೇ: "ಅಂವನ ಕಿವಿ ನನಗ ಬ್ಯಾಡ." ರಂಜಾನಿನ ಉಪವಾಸ, ರೋಜಾ ಹಿಡಿದುಕೊಂಡೇ ನಿನ್ನೆಯಿಂದ ಭಟ್ಟಿಯ ಮುಂದೆ ನಿಂತಿದ್ದಾರೆ. ಆ ಒಂದು ಎಲೆಯನ್ನು ಮತ್ತೆ ಮಾಡುತ್ತಿದ್ದಾರೆ. ನೀರಿಲ್ಲ, ಬೆಂಕಿಯ ಎದುರು. ಅಮ್ಮಾ ಬಾಗಿಲಲ್ಲಿ ಕೂತು ನೋಡುತ್ತಾಳೆ.

ಬರಬೇಡ.

ಅಂಜುಮ


ಗಜೇಂದ್ರಗಡ
೧೪ ಡಿಸೆಂಬರ್ ೨೦೦೩

ಅಂಜುಮ,

ಈದಿಗೆ ಬರಲಿಲ್ಲ. ಬರಬೇಡ ಎಂದಿದ್ದೆಯಲ್ಲ.

ಅಬ್ಬಾನ ಹೊಸ ಎಲೆಗೆ ಬಸವಪ್ರಸಾದ ಕಾಯಲಿಲ್ಲ. "ಕಿವುಡನ ಪಾಟಾ ನಮಗ ಬ್ಯಾಡ" ಎಂದ. ಅದನ್ನು ನಿನಗೆ ಬರೆಯಬಾರದಿತ್ತೇನೋ. ಬಲದ ಪಾಟಾವನ್ನೂ, ಸೀಳಿದ್ದನ್ನೂ ಉಸ್ತಾದರು ಗುಜರಿಗೆ ಹಾಕಿದರು. ಮುಂದೆ ಮತ್ತೆ ಅದೇ ಕೊಯ್ದ ಸ್ಪ್ರಿಂಗು, ಹಿಂದೆ ಹಳೇ ಪಾಟಾ. ಮೂಗು ನೆಲಕ್ಕೆ. ಬಸವಪ್ರಸಾದನಿಗೆ ಬಹಳ ಖುಷಿ. ನಾನು ಅದಕ್ಕೆ ಕೈ ಹಚ್ಚುವುದಿಲ್ಲ ಎಂದೆ. ಹಾಗಾದರೆ ಯಾವುದಕ್ಕೂ ಹಚ್ಚಬೇಡ ಎಂದರು ಉಸ್ತಾದರು. ಈಗ ಬಸ್ ಸ್ಟ್ಯಾಂಡಿನ ಎದುರು ಪಂಕ್ಚರ್ ಅಂಗಡಿಯಲ್ಲಿದ್ದೇನೆ. ಇಲ್ಲಿ ಸುಖ. ಟ್ಯೂಬನ್ನು ನೀರಿನಲ್ಲಿ ಅದ್ದಿದರೆ ಗುಳ್ಳೆ ತಾನೇ ಏಳುತ್ತದೆ. ತೂತು ಇದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮದುವೆಯ ದಿನ ನಾನು ನರಗುಂದದ ದಾರಿಗೆ ಹೋಗಿ ನಿಂತೆ. ಏಕೆ ಎಂದು ಕೇಳಬೇಡ. ಗಾಡಿ ಬಂತು, ಸೇವಂತಿಗೆ ಮಾಲೆ ಹಾಕಿಕೊಂಡು. ತೆರೆ ಶುರುವಾದಲ್ಲಿ ಮೂಗು ಎದ್ದಾಗ ಬಾಲ ಬಿತ್ತು, ಬಾಲ ಎದ್ದಾಗ ಮೂಗು ಬಿತ್ತು. ಅಬ್ಬಾ ಹೇಳಿದ ಜಗಳ. ನನ್ನನ್ನು ದಾಟಿ ಸ್ವಲ್ಪ ದೂರ ಹೋಗಿ ನಿಂತಿತು. ಮದುಮಗಳು ಇಳಿದು ಸೆರಗು ಹಿಡಿದು ಕಾರಿಕೊಂಡಳು. ಹಿಂದಿನ ಟೆಂಪೋದವರು ನಕ್ಕರು. ಬಸವಪ್ರಸಾದನೂ ನಕ್ಕ, "ಬೆಳಗಿನ್ಯಾಗ ಉಪ್ಪಿಟ್ಟ ಭಾಳ ತಿಂದಾಳ" ಎಂದು. ಮತ್ತೆ ಹತ್ತಿಸಿದ, ಹೋದರು.

ಏನೂ ಮುರಿಯಲಿಲ್ಲ. ಯಾರೂ ಬೀಳಲಿಲ್ಲ. ಎಲ್ಲರೂ ಗಾಡಿ ಚಂದ ಇದೆ ಎನ್ನುತ್ತಾರೆ. ನಾನು ಹೇಳಿದ್ದು ಖರೇ ಆಗಿತ್ತು, ಅದರಿಂದ ಕೆಟ್ಟದ್ದು ಅಬ್ಬಾನ ಹೆಸರು ಮಾತ್ರ.

ಆ ಎಲೆ ಏನಾಯಿತು?

ಇಮ್ರಾನ


ರೋಣ
೧೮ ಜನವರಿ ೨೦೦೪

ಭಾಯಿ,

ಎಲೆ ಏನಾಯಿತು ಎಂದು ಕೇಳಿದ್ದೆ. ಬರೆಯಲು ಇಷ್ಟು ದಿನ ಮನಸ್ಸಾಗಲಿಲ್ಲ.

ನಮ್ಮ ಸಾಲಿಯ ಗಂಟೆ ಗೊತ್ತಲ್ಲ, ರೈಲು ಕಂಬಿಯ ತುಂಡು, ಅದನ್ನು ಯಾರೋ ಕದ್ದು ಮಾರಿಕೊಂಡರು. ಅಬ್ಬಾ ಒಂದು ದಿನ ತಾವೇ ಆ ಎಲೆಯನ್ನು ಹೆಗಲ ಮೇಲೆ ಹೊತ್ತು ಹೋಗಿ ಬೇವಿನ ಗಿಡಕ್ಕೆ ತಂತಿಯಿಂದ ಕಟ್ಟಿದರು. ಗಾಡಿಗೆ ಆಗಲಿಲ್ಲ, ಸಾಲಿಗಾದರೂ ಆಗಲಿ ಎಂದರು. ಹೆಡ್ ಮಾಸ್ತರರು ಅವರ ಕೈ ಹಿಡಿದು ಕೃತಜ್ಞತೆ ಹೇಳಿದರು.

ಎಲ್ಲರಿಗೂ ಹೇಗೋ, ನಿನಗೆ ಸುಳ್ಳು ಬರೆಯಲಾರೆ. ಠಪ್.

ಹಿಂದಿನ ಕೋಣೆಯ ಹುಡುಗರಿಗೆ ಕೇಳುವುದೇ ಇಲ್ಲ. ಮಾಸ್ತರರು ಗಂಟೆಯ ಜೊತೆಗೆ ಈಗ ಸೀಟಿಯನ್ನೂ ಊದುತ್ತಾರೆ, ಅಬ್ಬಾ ಆ ಕಡೆ ತಿರುಗಿದಾಗ. ಅಬ್ಬಾ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ತಲೆ ಓರೆ ಮಾಡಿ ನಿಲ್ಲುತ್ತಾರೆ. ಗಂಟೆ ಹೊಡೆದ ಮೇಲೆ ಕೇಳುತ್ತಾರೆ: "ಹ್ಯಾಂಗ ಕೇಳಿಸ್ತು?" ನಾನು "ಚಲೋ ಅಬ್ಬಾ" ಎನ್ನುತ್ತೇನೆ. ಮಾಸ್ತರರು "ಭಾಳ ಚಲೋ ಐತ್ರಿ ಬಾಬುಸಾಬರ" ಎನ್ನುತ್ತಾರೆ. ಮುದುಕವ್ವ ಓಣಿಯಿಂದಲೇ ಕೇಳಿತು ಎನ್ನುತ್ತಾಳೆ.

ನಿನ್ನೆ ಅಬ್ಬಾ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು:

"ಬಕ್ರೀದಿಗೆ ಬಾ ಅಂತ ಅಂವಗ ಬರಿ. ಹೊಸ್ತಲಾ ತುಳೀಲಿ. ನೀವೆಲ್ಲಾ ಚಲೋ ಅಂತೀರಿ, ನನ್ನ ಮಾರಿ ನೋಡಿ ಅಂತೀರಿ. ಅಂವ ಮಾರಿ ನೋಡಿ ಹೇಳಾಂವಲ್ಲ. ಅಂವ ಒಮ್ಮಿ ಕೇಳಿ ಹೇಳಲಿ. ಅಂವ ಚಲೋ ಅಂದ್ರ ಚಲೋ."

ಅಮ್ಮಾ ನಿನ್ನ ಹಾಸಿಗೆಯ ಕೌದಿಯನ್ನು ಬಿಸಿಲಿಗೆ ಹಾಕಿದ್ದಾಳೆ. ಭಾಯಿ, ಒಂದೇ ಶಬ್ದ. ಜೀವಮಾನದಲ್ಲಿ ಒಂದೇ ಸಲ. ಅಲ್ಲಾಹನಿಗೆ ನಾನು ಉತ್ತರ ಹೇಳುತ್ತೇನೆ.

ನಿನ್ನ
ಅಂಜುಮ


ಗಜೇಂದ್ರಗಡ
೨೭ ಜನವರಿ ೨೦೦೪

ಅಂಜುಮ,

ನಿನ್ನ ಕಾಗದ ಬಂದಾಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಟ್ಯೂಬ್ ಉಜ್ಜುತ್ತ ಬಾಯೊಳಗೇ "ಚಲೋ ಐತಿ ಅಬ್ಬಾ" ಎನ್ನುತ್ತೇನೆ. ಯಾರೂ ಎದುರಿಗಿಲ್ಲದಾಗ ಬರುತ್ತದೆ.

ನಿನ್ನೆ ರೋಣದ ಬಸ್ಸು ಹತ್ತಿದೆ. ರಾಜೂರದತನಕ ಬಂದೆ. ಕಿಟಕಿಯಲ್ಲಿ ಕೂತು ಆ ಬೇವಿನ ಗಿಡ, ಅವರು ತಲೆ ಓರೆ ಮಾಡಿ ನಿಲ್ಲುವುದು, ಗಂಟೆ ಹೊಡೆಯುವುದು, ನನ್ನ ಕಡೆ ತಿರುಗುವುದು, ಎಲ್ಲ ಕಂಡಿತು. ನನ್ನ ಬಾಯಿ ಏನು ಹೇಳುತ್ತದೆ ಎಂದೂ ಗೊತ್ತಾಯಿತು. ಇಳಿದು ವಾಪಸ್ ಬಸ್ಸು ಹಿಡಿದೆ.

ನೀವೆಲ್ಲ ಚಲೋ ಎನ್ನುವುದನ್ನು ಅವರು ಅರ್ಧ ನಂಬಿದ್ದಾರೆ. ಅಷ್ಟಾದರೂ ಇರಲಿ. ನಾನು ಬಂದರೆ ಅದೂ ಇರುವುದಿಲ್ಲ. ಅಮ್ಮಾಗೆ ಕೌದಿ ಮಡಚಿಡಲು ಹೇಳು.

ಅಂಗಡಿಯಲ್ಲಿ ರಜೆ ಕೊಡಲಿಲ್ಲ ಎಂದು ಅಬ್ಬಾಗೆ ಹೇಳಬೇಡ, ಕೊಟ್ಟಿದ್ದಾರೆ. ಮೈಯಲ್ಲಿ ಆರಾಮಿಲ್ಲ ಎನ್ನಬೇಡ, ಆರಾಮಿದ್ದೇನೆ. ಈ ಕಾಗದವನ್ನು ಅವರ ಕೈಗೆ ಕೊಡಬೇಡ. ಇಮ್ರಾನ ಬರುವುದಿಲ್ಲ ಎಂದಷ್ಟೇ ಹೇಳು. ಅವರ ಹಿಂದೆ ನಿಂತು, ಮೆಲ್ಲಗೆ ಹೇಳು.

ಇಮ್ರಾನ